ಮೂರು ಸಲ ಕೇಳಬೇಕು

ನಾಕ್‌ಬರನ್ ಕೋಟೆ ಎಂಟುನೂರು ವರ್ಷ ಹಳೆಯದು. ಅಲ್ಲಿ ಚಹಾ ಬಡಿಸುವ ಕಾರ್ಮಕ್‌ನ ಗತ್ತು ಮಾತ್ರ ಹೋದ ಚಳಿಗಾಲದಲ್ಲಿ ಹುಟ್ಟಿದ್ದು. ಕೋಟೆ ಈಗ ಸಿರಿವಂತರು ತಂಗುವ ಹೋಟೆಲು. ಊರಿನಲ್ಲಿ ಕುರಿಯನ್ನೂ ಗೆಳೆಯರನ್ನೂ ಒಂದೇ ರಾಗದಲ್ಲಿ ಕೂಗುತ್ತಿದ್ದ ಅವನ ಗಂಟಲು, ಸಮವಸ್ತ್ರದ ಗುಂಡಿ ಹಾಕಿದ ಕೂಡಲೇ ರೇಷ್ಮೆಯಾಗುತ್ತಿತ್ತು. ಸಂಬಳ ಮಾಣಿಯದು, ಠೀವಿ ಕೋಟೆಯೊಡೆಯನದು.

ಇಂಥವನನ್ನು ಸಾಕಿದ ಸೋದರತ್ತೆ ಡೀಲಿಯಾಳಿಗೆ ಚರ್ಚಿನ ಲಾಟರಿಯಲ್ಲಿ ಬಹುಮಾನ ಬಂತು: ಅದೇ ಕೋಟೆಯಲ್ಲಿ ಒಂದು ದಿನದ ವಾಸ, ಚಹಾ ತಿಂಡಿ ಸೇರಿ. ಅವಳ ತಾಯಿ ಕೋಟೆಯ ಹಾಸಿಗೆಬಟ್ಟೆ ಒಗೆದವಳು. ಹಿಂಬಾಗಿಲು ದಾಟಿ ಒಳಗೆ ಕಾಲಿಟ್ಟವಳಲ್ಲ. ಡೀಲಿಯಾ ಹೊಸ ಕೋಟು ಕೊಂಡಳು. ಕಾರ್ಮಕ್ ಅವಳನ್ನು ಬಾಗಿಲಲ್ಲೇ ತಡೆದ.

"ಅತ್ತೇ, ಅಲ್ಲಿ ನನ್ನನ್ನ ಪುಟ್ಟಾ ಗಿಟ್ಟಾ ಅಂತ ಕರೀಬೇಡ."

"ಇಲ್ಲ ಬಿಡಪ್ಪ, ಸ್ವಾಮಿ ಅಂತೀನಿ. ಮೂಗು ಮಾತ್ರ ಸ್ವಲ್ಪ ಇಳಿಸ್ಕೋ, ಮಳೆ ಬಂದ್ರೆ ನೀರು ತುಂಬ್ಕೊಳ್ಳುತ್ತೆ."

ಇಬ್ಬರೂ ನಕ್ಕರು. ಅವನು ತಮಾಷೆಗೆ ಹೇಳಿರಲಿಲ್ಲ.

ಆ ಸೀಮೆಯಲ್ಲಿ ಮೊದಲ ಸಲಕ್ಕೇ ಹೂಂ ಎನ್ನುವವರು ಹೊಟ್ಟೆಬಾಕರು. ಮೊದಲು ಬೇಡ ಎನ್ನಬೇಕು, ಎರಡನೆಯ ಸಲ ಇನ್ನೂ ಜೋರಾಗಿ ಬೇಡ ಎನ್ನಬೇಕು, ಮೂರನೆಯ ಸಲ "ನೀವಿಷ್ಟು ಬಲವಂತ ಮಾಡಿದ್ಮೇಲೆ" ಎನ್ನುತ್ತಾ ಕುರ್ಚಿ ಎಳೆದುಕೊಳ್ಳಬೇಕು. ಸತ್ತವರ ಮನೆಯಲ್ಲೂ ಇದೇ ಪದ್ಧತಿ. ಹೋಟೆಲಿನದು ಬೇರೆ: ಒಮ್ಮೆ ಕೇಳು, ಬೇಡವೆಂದರೆ ತಲೆಬಾಗಿ ಹೊರಡು. ಜಿನೀವಾದಿಂದ ಬಂದ ಮ್ಯಾನೇಜರ್ ರೆನೋ ಇದನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದ.

ಶನಿವಾರ ಮಧ್ಯಾಹ್ನ ಡೀಲಿಯಾ ಕೋಟು ಬಿಚ್ಚದೆ ಮಖಮಲ್ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಬೆಳಗಿನ ಬಸ್ಸು ಹಿಡಿದು ಬಂದವಳು. ಕಾರ್ಮಕ್ ಮೂರಂತಸ್ತಿನ ತಟ್ಟೆ ತಂದ. ಬನ್ನಿನಂಥ ಬಿಸಿ ಸ್ಕೋನು, ಕೆನೆ, ಜಾಮು.

"ಮೇಡಂ, ಚಹಾ?"

"ಅಯ್ಯೋ ಬೇಡ ಸ್ವಾಮಿ, ನಿಮಗ್ಯಾಕೆ ತೊಂದ್ರೆ." ಕಣ್ಣು ಸ್ಕೋನಿನ ಮೇಲಿತ್ತು.

ಅವನಿಗೆ ಗೊತ್ತಿತ್ತು. ಗೊತ್ತಿಲ್ಲದಿರಲು ಅವನೇನು ಜಿನೀವಾದವನೇ? ಆದರೆ ಅಗ್ಗಿಷ್ಟಿಕೆಯ ಬಳಿ ರೆನೋ ನಿಂತಿದ್ದ. ಇನ್ನೊಮ್ಮೆ ಕೇಳಿದರೆ ತಾನು ಯಾವ ಅಡುಗೆಮನೆಯಲ್ಲಿ ಬೆಳೆದವನೆಂದು ಇಡೀ ಹಜಾರಕ್ಕೆ ತಿಳಿಯುತ್ತಿತ್ತು.

"ಸರಿ ಮೇಡಂ," ಎಂದು ತಟ್ಟೆ ಎತ್ತಿಕೊಂಡು ನಡೆದ.

ರೆನೋ ಮೆಲ್ಲಗೆ ಕೇಳಿದ, "ಯಾರವರು? ನಿಮ್ಮೂರಿನವರಾ?"

"ಗೊತ್ತಿಲ್ಲ ಸರ್."

ಹೇಳಿ ತಿರುಗಿದರೆ, ಡೀಲಿಯಾ ಕೈಚೀಲದಿಂದ ಕಾಗದ ಸುತ್ತಿದ ಬ್ರೆಡ್ಡು ತೆಗೆದು ಮೇಜಿನ ಕೆಳಗೇ ಮುರಿಯುತ್ತಿದ್ದಳು. ಕದ್ದು ತಿನ್ನುವವಳ ಹಾಗೆ, ತಲೆ ಬಗ್ಗಿಸಿ. ಪಕ್ಕದ ಮೇಜಿನವರು ಒಬ್ಬರನ್ನೊಬ್ಬರು ತಿವಿದು ನಕ್ಕರು. ಶಾಲೆಗೆ ಹೋಗುವಾಗ ಅವನ ಚೀಲಕ್ಕೆ ಅವಳು ಸುತ್ತಿಕೊಡುತ್ತಿದ್ದದ್ದೂ ಅದೇ ಬ್ರೆಡ್ಡು.

ಅವನ ಕಿವಿ ಕಾದ ಬಾಣಲೆಯಾಯಿತು. ತಟ್ಟೆಯೊಂದಿಗೆ ಹಿಂತಿರುಗಿದ.

"ಅತ್ತೇ, ಒಂದು ಚೂರು ತಗೋ."

"ಬೇಡ ಸ್ವಾಮಿ, ಹೊಟ್ಟೆ ತುಂಬಿದೆ."

"ಅತ್ತೇ! ಬಿಸಿಯಾಗಿದೆ, ತಿನ್ನೇ!" ಕುರಿ ಕೂಗುವ ಅದೇ ಗಂಟಲು. ಹಜಾರವೆಲ್ಲ ತಿರುಗಿ ನೋಡಿತು. ರೆನೋನೂ ನೋಡಿದ.

ಡೀಲಿಯಾ ಮಡಿಲಿನ ಚೂರುಗಳನ್ನು ಅಂಗೈಗೆ ಗುಡಿಸಿಕೊಂಡಳು. ಮುಖದಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಇಲ್ಲ ಪುಟ್ಟಾ. ಈಗ ನಿಜವಾಗ್ಲೂ ಬೇಡ."

ಕಾರ್ಮಕ್ ತಟ್ಟೆ ಹಿಡಿದು ನಿಂತೇ ಇದ್ದ. ನಾಲ್ಕನೆಯ ಸಲ ಕೇಳುವ ಪದ್ಧತಿ ಆ ಸೀಮೆಯಲ್ಲಿಲ್ಲ.