ಟೈಲರಕ್ಕನ ಭಾನುವಾರ

ಭಾನುವಾರ ಬಂತೆಂದರೆ ನಗರದ ಜನ ಸಿನಿಮಾಕ್ಕೋ ಪಾರ್ಕಿಗೋ ಹೊರಡುತ್ತಾರೆ. ಟೈಲರಕ್ಕ ಹೊರಡುವುದು ಬಟ್ಟೆ ಅಂಗಡಿಗೆ, ಅದೂ ಕೊಳ್ಳುವುದಕ್ಕಲ್ಲ. ವಾರದ ಆರು ದಿನ ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ ಕಂಡವರ ಪ್ಯಾಂಟು ಗಿಡ್ಡ ಮಾಡಿ, ಕೆಟ್ಟ ಜಿಪ್ಪು ಬದಲಾಯಿಸಿ ಸಾಕಾದವಳು, ಏಳನೆಯ ದಿನ ಐದು ಮಹಡಿಯ ಆ ತಣ್ಣನೆಯ ಅಂಗಡಿಗೆ ಹೋಗಿ ಉಡುಪುಗಳನ್ನು ಒಳಗಡೆ ತಿರುವಿ ನೋಡುತ್ತಾಳೆ.

ಒಳ್ಳೆಯ ಹೊಲಿಗೆ ಕಂಡರೆ ಅವಳ ಮುಖ ಅರಳುತ್ತದೆ. ಕೆಟ್ಟದ್ದು ಕಂಡರೆ ಇನ್ನೂ ಅರಳುತ್ತದೆ, ಬೈಯಲು ಸಿಕ್ಕಿತಲ್ಲ ಎಂದು. ಬೈಗುಳ ಕೇಳಿಸಿಕೊಳ್ಳಲು ನಾದಿನಿ ಜೊತೆಗಿರುತ್ತಾಳೆ. ಅವಳಿಗೆ ಹೊಲಿಗೆಯ ಗಂಧಗಾಳಿಯೂ ಇಲ್ಲ. ಆಮೇಲೆ ಸಿಗುವ ಐಸ್‌ಕ್ರೀಮಿನ ಆಸೆಗೆ ಬರುತ್ತಾಳೆ, ಪಾಪ.

ಹೋದ ಭಾನುವಾರ ಮೂರನೆಯ ಮಹಡಿಯಲ್ಲಿ ನೀಲಿ ಕೋಟೊಂದರ ಲೈನಿಂಗ್ ಹೊಲಿಗೆ ಬಿಟ್ಟು ಜೋತಾಡುತ್ತಿತ್ತು. ಟೈಲರಕ್ಕ ಲೊಚಗುಟ್ಟಿದಳು. ದಾರ ಪೋಣಿಸಿದ ಸೂಜಿಯೊಂದನ್ನು ಕಾಲರಿನ ಒಳಗೆ ಸಿಕ್ಕಿಸಿಕೊಂಡೇ ತಿರುಗುವುದು ಅವಳ ಅಭ್ಯಾಸ. ಕೈ ತಾನಾಗಿ ಅಲ್ಲಿಗೆ ಹೋಯಿತು. ನಾದಿನಿ ತಿರುಗಿ ನೋಡುವಷ್ಟರಲ್ಲಿ ಅತ್ತಿಗೆ ಸ್ಟೂಲಿನ ಮೇಲೆ ಕೂತು, ಕೋಟನ್ನು ತೊಡೆಯ ಮೇಲೆ ಹರವಿಕೊಂಡು, ಅರ್ಧ ಅಂಚು ಹೊಲಿದು ಮುಗಿಸಿದ್ದಳು.

"ಅತ್ತಿಗೆ, ಇದು ನಿಮ್ಮ ಅಂಗಡಿ ಅಲ್ಲ," ನಾದಿನಿ ಪಿಸುಗುಟ್ಟಿದಳು.

"ಇರೇ, ಇನ್ನೊಂದು ಗೇಣಿದೆ."

ಆ ಗೇಣು ಮುಗಿಯುವುದಕ್ಕೂ ಮಹಡಿಯ ಮೇಲ್ವಿಚಾರಕಿ ಬಂದು ಎದುರಿಗೆ ನಿಲ್ಲುವುದಕ್ಕೂ ಸರಿಹೋಯಿತು. ಟೈಲರಕ್ಕ ಗಾಬರಿಯಿಂದ ಎದ್ದು ನಿಂತಳು. ಬೈಸಿಕೊಳ್ಳುವ ಭಯವಲ್ಲ, ಇನ್ನು ಮೇಲೆ ಒಳಗೇ ಬಿಡದಿದ್ದರೆ? ನಗರದಲ್ಲಿ ಅಂಗಡಿಗಳಿಗೇನೂ ಬರವಿಲ್ಲ, ಆದರೆ ಇಷ್ಟು ಬಗೆಯ ಹೊಲಿಗೆ ಒಂದೇ ಸೂರಿನಡಿ ಬೇರೆಲ್ಲೂ ಸಿಗುವುದಿಲ್ಲ. ಇದೊಂದು ಖುಷಿಯೂ ಕೈತಪ್ಪಿದರೆ ವಾರವೆಲ್ಲ ಯಾವ ಆಸೆಗೆ ಮಷಿನ್ ತುಳಿಯುವುದು?

ಮೇಲ್ವಿಚಾರಕಿ ಕೋಟು ಇಸಿದುಕೊಂಡು ಬೆಳಕಿಗೆ ಹಿಡಿದಳು. ಹೊಸ ಹೊಲಿಗೆ ಎಲ್ಲಿ ಶುರುವಾಗಿದೆಯೆಂದು ಬೆರಳಾಡಿಸಿ ಹುಡುಕಿದಳು. ಸಿಗಲಿಲ್ಲ.

"ತಪ್ಪಾಯ್ತಮ್ಮ. ಹೊಲಿಗೆ ಬಿಟ್ಟಿದ್ದು ಕಂಡ್ರೆ ನನ್ನ ಕೈ ಸುಮ್ಮನಿರಲ್ಲ," ಎಂದಳು ಟೈಲರಕ್ಕ.

"ಸುಮ್ಮನಿರೋದು ಬೇಡ. ನಮ್ಮ ಆಲ್ಟರೇಷನ್ ವಿಭಾಗಕ್ಕೆ ಬಂದುಬಿಡಿ. ಭಾನುವಾರ ಒಂದಿನ ಬಂದ್ರೂ ಸಾಕು."

ನಾದಿನಿ ಮೊಣಕೈಯಿಂದ ತಿವಿದಳು. ಟೈಲರಕ್ಕನಿಗೆ ಹಿಗ್ಗೋ ಹಿಗ್ಗು. ಇಪ್ಪತ್ತೆರಡು ವರ್ಷದಿಂದ ಹೊಲಿಯುತ್ತಿದ್ದಾಳೆ. ಯಾವಾಗ ಕೊಡ್ತೀರಿ ಎಂದು ಕೇಳಿದವರೇ ಎಲ್ಲ, ಹೀಗೆ ಬೆಳಕಿಗೆ ಹಿಡಿದು ನೋಡಿದವರು ಒಬ್ಬರೂ ಇಲ್ಲ. ಕಣ್ಣಲ್ಲಿ ನೀರು ಬಂತು. ಆದರೂ ಅಡ್ಡಡ್ಡ ತಲೆಯಾಡಿಸಿದಳು.

"ಬೇಡಮ್ಮ. ಭಾನುವಾರ ಇಲ್ಲಿ ಕೆಲಸ ಮಾಡ್ತಾ ಕೂತ್ರೆ, ಅಂಗಡಿ ನೋಡೋಕೆ ನಾನು ಯಾವಾಗ ಬರ್ಲಿ?"

ಮೇಲ್ವಿಚಾರಕಿ ನಗುತ್ತಾ ಕೈ ಚಾಚಿದಳು.

"ಸೂಜಿ ನನ್ನ ಹತ್ರ ಇರ್ಲಿ. ನಾಲ್ಕನೇ ಮಹಡೀಲಿ ಹೊಸಾ ಕೋಟು ಬಂದಿವೆ, ಹೋಗಿ ಬೈಕೊಂಡು ಬನ್ನಿ."