ಕಾಫಿಯ ಮೇಲಿನ ಕೆನೆ

ಗೆಳೆಯರೇ, ನಾನು ಮನೆಯಲ್ಲೇ ಲೇತ್ ಮಿಷಿನ್ನಿನಲ್ಲಿ ಕಡೆದು ಮಾಡಿದ ಮರದ ಲೋಟ ಇವತ್ತು ಮೊದಲ ಕಾಫಿ ಕಂಡಿತು. ವಾರ್ನಿಷ್ ಹೊಟ್ಟೆಗೆ ಆಗದು, ಕೊಬ್ಬರಿ ಎಣ್ಣೆ ಕಮಟು ವಾಸನೆ ಬರುತ್ತದೆ ಎಂದು ತಲೆ ಕೆಡಿಸಿಕೊಂಡು, ಕೊನೆಗೆ ಒಳಗೆಲ್ಲ ಜೇನುಮೇಣ ಸವರಿದ್ದೆ. ಬಾಯಿಗೆ ಹೋದರೂ ತೊಂದರೆಯಿಲ್ಲ ಎಂದು ಓದಿದ್ದೆ.

ಚಂದಾಪುರದ ನಮ್ಮ ಮನೆ ಓನರ್ ಲಕ್ಷ್ಮಮ್ಮನವರು ಬೆಳಿಗ್ಗೆಯೇ ಬಂದರು. "ನಿನ್ ಲೇತ್ ಮಿಷಿನ್ ಸದ್ದು ಜಾಸ್ತಿ ಆಯ್ತು ಕಣಪ್ಪ. ಬೇರೆ ಎಲ್ಲಾದ್ರೂ ಇಟ್ಕೋ."

ನಾನು ಅದೇ ಲೋಟದಲ್ಲಿ ಬಿಸಿ ಕಾಫಿ ಕೊಟ್ಟೆ. ಅವರ ದೂರು ಮುಗಿಯುವಷ್ಟರಲ್ಲಿ ಕಾಫಿ ಆರಿತ್ತು. ಕರಗಿದ ಮೇಣ ಮೇಲೆ ಪದರ ಕಟ್ಟಿತ್ತು.

ಲಕ್ಷ್ಮಮ್ಮ ಅದನ್ನು ಬೆರಳಲ್ಲಿ ತೆಗೆದು ಬಾಯಿಗಿಟ್ಟುಕೊಂಡರು. "ಏನ್ ಕೆನೆ ಬಂದೈತೆ ನೋಡು. ನಿಮ್ಗೆ ಹಾಲು ಹಾಕೋದು ಯಾರು?"

"ನಿಮ್ಗೆ ಹಾಕೋ ನಂಜಪ್ಪನೇ, ಅಮ್ಮ."

"ಅವ್ನಾ? ನಮ್ಗೆ ನೀರು ಹಾಲು ಕೊಟ್ಟು, ಬಾಡಿಗೆಯೋರಿಗೆ ಗಟ್ಟಿ ಹಾಲು ಕೊಡ್ತಾನಾ? ನಾಳೆ ಬರ್ಲಿ, ವಿಚಾರಿಸ್ಕೋತೀನಿ."

ಮಿಷಿನ್ ವಿಷಯ ಮರೆತೇ ಹೊರಟುಹೋದರು. ಜೇನುಮೇಣದಿಂದ ಕುಡಿಯುವವರಿಗೆ ಅಪಾಯವಿಲ್ಲ ಅನ್ನುವುದು ನಿಜವೇ. ಅಪಾಯ ಏನಿದ್ದರೂ ನಾಳೆ ಬೆಳಿಗ್ಗೆ ನಂಜಪ್ಪನಿಗೆ.