ಮೂರೇ ಕೂಗು

ಬಂಡ್ರಿಯ ವಿಜಯಕುಮಾರನಿಗೆ ಈಗ ಯಾರಾದರೂ "ಮಸ್ತ್ ಹಾಡು ಮಾಡೀಯಲೇ" ಎಂದರೆ ಸಾಕು, ತಲೆ ತಗ್ಗಿಸಿ ಅಲ್ಲಿಂದ ಜಾಗ ಖಾಲಿ ಮಾಡುತ್ತಾನೆ. ಸಂಕೋಚದ ಹುಡುಗ ಅಂತ ಜನ ನಗುತ್ತಾರೆ. ಸಂಕೋಚವೂ ಅಲ್ಲ, ಮಣ್ಣೂ ಅಲ್ಲ. ತಾಯಿ ಇಲ್ಲದವನನ್ನು ಎತ್ತಿ ಬೆಳೆಸಿದ ಅಜ್ಜಿಯ ಮುಂದೆ ಮುಖ ಎತ್ತಲಾಗದ ಕೆಲಸ ಮಾಡಿದ್ದಾನೆ ಅವನು.

ಹೊಸಪೇಟೆಯಲ್ಲಿ ಜಂಬುನಾಥನದೊಂದು ಡಿಜೆ ಸೌಂಡ್ಸ್ ಅಂಗಡಿ. ಅಲ್ಲಿ ಸ್ಪೀಕರ್ ಬಾಕ್ಸು ಹೊರುವುದು, ವೈರು ಎಳೆಯುವುದು ವಿಜಯಕುಮಾರನ ಕೆಲಸ. ಒಂದು ದಿನ ಹೊಸ ಬಾಕ್ಸು ಪರೀಕ್ಷೆ ಮಾಡಲು ಜಂಬುನಾಥ ಎಂಥದೋ ಹಾಡು ಹಾಕಿದ. ಮೊದಲು ಮೆಲ್ಲಗಿತ್ತು. ಆಮೇಲೆ ಎಲ್ಲ ಗಪ್ಪನೆ ನಿಂತಿತು. ಆಮೇಲೆ, ಅಬ್ಬಬ್ಬಾ, ಅದಿರು ತುಂಬಿದ ಟಿಪ್ಪರು ಎದೆಯ ಮೇಲೆ ಗೇರು ಬದಲಿಸಿದ ಹಾಗೆ ಗೊಂವ್ ಗೊಂವ್ ಎಂದು ಬೇಸ್ ಬಿತ್ತು. ಅಂಗಡಿಯ ಶೆಟರು ಗಡಗಡ ಅದುರಿತು. ಇದಕ್ಕೆ ಡಬ್‌ಸ್ಟೆಪ್ ಅಂತಾರೆ, ಹಾಗೆ ಬೇಸ್ ಬೀಳುವುದಕ್ಕೆ ಡ್ರಾಪ್ ಅಂತಾರೆ ಎಂದು ಜಂಬುನಾಥ ಹೇಳಿದ. ಇವನಿಗೆ ಹುಚ್ಚು ಹಿಡಿಯಿತು.

ಎರಡು ಕೀಲಿ ಕಿತ್ತುಹೋದ ಹಳೇ ಲ್ಯಾಪ್‌ಟಾಪ್ ಕೊಂಡ. ಯೂಟ್ಯೂಬ್ ನೋಡಿ ನೋಡಿ ಕಲಿತ. ಮೊದಲ ಹಾಡು ಕೇಳಿ ಜಂಬುನಾಥ, "ಲೇ, ಇದೇನು ಹಾಡೋ, ಬೋರ್‌ವೆಲ್ ಗಾಡಿಯೋ?" ಎಂದ. ನಾಲ್ಕನೆಯದನ್ನು ಕೇಳಿದಾಗ ಮಾತ್ರ ನಗಲಿಲ್ಲ. "ಡ್ರಾಪ್‌ಗಿಂತ ಮುಂಚೆ ಎದಿ ಹಿಂಡೋ ಒಂದು ದನಿ ಬೇಕಲೇ. ಅದನ್ನ ತಾ, ಗಣಪತಿ ಮೆರವಣಿಗ್ಯಾಗ ನಿನ್ನ ಹಾಡೇ ಹಾಕ್ತೀನಿ."

ಅಂಥ ದನಿ ವಿಜಯಕುಮಾರನ ಮೊಬೈಲಿನಲ್ಲೇ ಇತ್ತು.

ಹಿಂದಿನ ವರ್ಷ ಅವನ ಅಪ್ಪ ಅಂದಾನಪ್ಪ ತೀರಿಕೊಂಡಿದ್ದ. ಗಣಿಯ ಕೆಲಸದಿಂದ ಬಂದು ಎದೆನೋವು ಅಂತ ಕೂತವನು ಮತ್ತೆ ಏಳಲಿಲ್ಲ. ಅಕ್ಕ ಶಿಲ್ಪಶ್ರೀ ಹೆರಿಗೆಗೆಂದು ಕಂಪ್ಲಿಯ ಆಸ್ಪತ್ರೆ ಸೇರಿದ್ದಳು, ಬರುವ ಹಾಗಿರಲಿಲ್ಲ. "ಅಜ್ಜಿ ಅಳೋದನ್ನಾರ ಕೇಳಸೋ" ಎಂದು ಫೋನಿನಲ್ಲಿ ಗೋಗರೆದಳು. ಅದಕ್ಕೇ ಇವನು ರೆಕಾರ್ಡ್ ಮಾಡಿದ್ದು.

ಅಜ್ಜಿ ಹೊಳೆಮ್ಮ ಮಗನ ತಲೆದೆಸೆಯಲ್ಲಿ ಕೂತು ಹಾಡಿಕೊಂಡು ಅಳುತ್ತಿದ್ದಳು. ಹೆಣ ಎತ್ತುವ ಮುಂಚೆ "ಅಂದಾನೀ, ಏಳೋ ನನ್ನಪ್ಪಾ" ಎಂದು ಮೂರು ಸಲ ಕೂಗಿದಳು. ಅವರ ಮನೆತನದ ಪದ್ಧತಿ ಅದು. ಹೆತ್ತವಳು ಮೂರೇ ಸಲ ಕರೆಯಬೇಕು, ಏಳದಿದ್ದರೆ ಬಾಯಿ ಮುಚ್ಚಿಕೊಂಡು ಕಳಿಸಿಕೊಡಬೇಕು. ಮತ್ತೆ ಕರೆದರೆ ಹೋಗುವವನು ತಿರುಗಿ ನೋಡುತ್ತಾನೆ, ಪಾಪ, ಅವನಿಗೆ ಹೋಗಲೂ ಆಗದು, ಇರಲೂ ಆಗದು. ಮೂರನೆಯ ಕೂಗಾದ ಮೇಲೆ ಹೊಳೆಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಂದಿನಿಂದ ಮಗನ ಹೆಸರನ್ನೇ ಎತ್ತಿರಲಿಲ್ಲ.

ಇದೆಲ್ಲ ವಿಜಯಕುಮಾರನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ 'ಅಂದಾನೀ' ಎಂಬ ಹೆಸರನ್ನು ಕತ್ತರಿಸಿ ತೆಗೆದ. ಹೆಸರೇ ಇಲ್ಲದ ಮೇಲೆ ಯಾರನ್ನು ಕರೆದ ಹಾಗಾಯಿತು ಎಂದು ತನಗೆ ತಾನೇ ನ್ಯಾಯ ಹೇಳಿಕೊಂಡ, ಭೂಪ! ಉಳಿದ 'ಏಳೋ ನನ್ನಪ್ಪಾ' ಎಂಬುದನ್ನು ಒಂದರ ಹಿಂದೊಂದು ಮೂವತ್ತೆರಡು ಸಲ ಜೋಡಿಸಿದ. ಬರಬರುತ್ತಾ ಜೋರು, ಬರಬರುತ್ತಾ ವೇಗ, ಕೊನೆಗೆ ಡ್ರಾಪ್. ಕೇಳಿ ಮೈ ಜುಮ್ಮೆಂದಿತು. ಆ ಹೊತ್ತಿನಲ್ಲಿ ಅಪ್ಪ ನೆನಪಾಗಲೇ ಇಲ್ಲ. ಈಗ ಅದನ್ನು ನೆನೆದರೆ ಅವನಿಗೆ ತನ್ನ ಮೇಲೇ ಹೇಸಿಗೆಯಾಗುತ್ತದೆ.

ಗಣಪತಿ ಬಿಡುವ ದಿನಕ್ಕೆ ಬಂಡ್ರಿಯವರೇ ಜಂಬುನಾಥನ ಡಿಜೆ ಗೊತ್ತು ಮಾಡಿದ್ದರು. ಅಜ್ಜಿಗೆ ಕಿವಿ ಮಂದ ಎಂಬ ಧೈರ್ಯ ಇವನಿಗೆ. ಸಂಜೆ ಆರರ ಹೊತ್ತಿಗೆ ಮೆರವಣಿಗೆ ಅವರ ಓಣಿಗೆ ಬಂತು. ಟ್ರ್ಯಾಕ್ಟರ್ ಮೇಲೆ ಲ್ಯಾಪ್‌ಟಾಪ್ ಮುಂದೆ ನಿಂತು ಹಾಡು ಹಾಕಿದ. ಅಷ್ಟು ದೊಡ್ಡ ಬಾಕ್ಸುಗಳ ಮುಂದೆ ಯಾವ ಕಿವಿ ಮಂದ? ಕಟ್ಟೆಯ ಮೇಲೆ ಶೇಂಗಾ ಬಿಡಿಸುತ್ತಿದ್ದ ಹೊಳೆಮ್ಮನ ಕೈ ನಿಂತುಹೋಯಿತು. ಬಾಕ್ಸಿನ ಕಡೆ ನೋಡಿದಳು. ಆಮೇಲೆ ಮೊಮ್ಮಗನ ಕಡೆ ನೋಡಿದಳು.

ನಿಲ್ಲಿಸಬಹುದಿತ್ತು. ಬೆರಳು ಗುಂಡಿಯ ಮೇಲೇ ಇತ್ತು. ಆದರೆ ಓಣಿಗೆ ಓಣಿಯೇ ಕೈ ಎತ್ತಿ ಕುಣಿಯುತ್ತಿತ್ತು, ಹುಟ್ಟಿದಂದಿನಿಂದ ಇವನಿಗಾಗಿ ಯಾರೂ ಹಾಗೆ ಕೈ ಎತ್ತಿರಲಿಲ್ಲ. ನಿಲ್ಲಿಸಲಿಲ್ಲ. ಜನ "ಇನ್ನೊಮ್ಮೆ, ಇನ್ನೊಮ್ಮೆ" ಎಂದರು. ಒಟ್ಟು ಮೂರು ಸಲ ಹಾಕಿದ. ಅಷ್ಟರಲ್ಲಿ ಅಜ್ಜಿ ಮೊರ ಎತ್ತಿಕೊಂಡು ಒಳಗೆ ಹೋಗಿದ್ದಳು.

ಮೆರವಣಿಗೆ ಮುಂದೆ ಹೋದ ಮೇಲೆ ಇವನು ಕಳ್ಳನ ಹಾಗೆ ಒಳಗೆ ಬಂದ. ಹೊಳೆಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಎಷ್ಟ ಸಲ ಕರದ್ಯೋ?" ಎಂದಳು.

"ಅಜ್ಜೀ, ತಪ್ಪಾತು..."

"ತಪ್ಪು ಒಪ್ಪು ಕೇಳಿಲ್ಲ ನಾನು. ಎಷ್ಟ ಸಲ?"

"ತೊಂಬತ್ತಾರು."

ಹೊಳೆಮ್ಮ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. "ನಾಕನೇದು ದಿನಾ ನನ್ನ ನಾಲಿಗಿ ತುದೀಗೆ ಬರತೈತಿ. ನುಂಗೀನಿ. ಒಂದು ವರ್ಷ ನುಂಗೀನೋ, ನನ್ನ ಮಗ ಸುಖವಾಗಿ ಹೋಗ್ಲಿ ಅಂತ" ಎಂದಳು.

ಆಮೇಲೆ ಎದ್ದು ಮೂರು ತಾಟು ಇಟ್ಟಳು. ಮೂರನೆಯದು ಅಂದಾನಪ್ಪ ಉಣ್ಣುತ್ತಿದ್ದ ಅಂಚು ನೆಗ್ಗಿದ ತಾಟು. ಅದಕ್ಕೂ ರೊಟ್ಟಿ ಹಾಕಿ, ಪಲ್ಯ ಬಡಿಸಿದಳು.

"ಅಷ್ಟ ಸಲ ಕರದ ಮ್ಯಾಲೆ ಬರದೇ ಇರ್ತಾನೇನು ನಿಮ್ಮಪ್ಪ? ಬಂದ್ರೆ ಯಾಕ ಕರದಿ ಅಂತ ನೀನೇ ಹೇಳು. ನನಗ ಹೇಳಾಕ ಬಾಯಿಲ್ಲ."

ವಿಜಯಕುಮಾರ ಆ ತಾಟಿನ ಎದುರಿಗೆ, ತನ್ನ ತಾಟಿನ ಮುಂದೆ ಕೂತ. ತುತ್ತು ಮುರಿಯಲು ಕೈ ಬರಲಿಲ್ಲ. ಓಣಿಯ ಆ ತುದಿಯಲ್ಲಿ ಜಂಬುನಾಥ ಮತ್ತೆ ಅದೇ ಹಾಡು ಹಾಕಿದ. 'ಏಳೋ ನನ್ನಪ್ಪಾ' ಎಂದು ಅಜ್ಜಿಯ ದನಿ ಕೂಗತೊಡಗಿತು. ಹೊಳೆಮ್ಮ ಎದ್ದುಹೋಗಿ ಬಾಗಿಲು ತೆರೆದಿಟ್ಟಳು.